ಮಾಗಿಯ ಚಳಿಯಲ್ಲಿ ಹಳಿ ಕಾಯುವವರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ಊರುಗಳ ಪೈಕಿ ರೈಲು ನಿಲ್ದಾಣ ಇರುವುದು ಕೆ.ಆರ್. ನಗರದಲ್ಲಿ ಮಾತ್ರ. ಆದರೂ ಚಳಿಗಾಲದ ರೈಲಿನ ಬಗ್ಗೆ ನಾಲ್ಕೂ ಕಡೆಯಿಂದ ಪತ್ರಗಳು ಬಂದಿವೆ. ಒಬ್ಬರ ಮಗ ಉತ್ತರ ಭಾರತದ ಹಳಿಯ ಮೇಲೆ ದುಡಿಯುತ್ತಾನೆ, ಇನ್ನೊಬ್ಬರ ಮೊಮ್ಮಗಳು ಶಿಕಾಗೊದಲ್ಲಿದ್ದಾಳೆ, ಮತ್ತೊಬ್ಬರ ತಂದೆ ತಾಯಿ ಸ್ವೆಟರ್ ಮಾರಲು ದೂರದ ಊರಿಗೆ ಹೋಗುತ್ತಾರೆ. ಹಳಿ ನಿರ್ವಹಣೆಯ ವಿಭಾಗದಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್ ಒಬ್ಬರು ಈ ಸಂಚಿಕೆಯಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ದಿನವೂ ಬೆಳಗ್ಗೆ ಕೆ.ಆರ್. ನಗರದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವನು. ಡಿಸೆಂಬರ್, ಜನವರಿಯಲ್ಲಿ ಡೋರನಹಳ್ಳಿ ದಾಟಿ ಸಾಗರಕಟ್ಟೆ ಹತ್ತಿರವಾದಂತೆ ಕಿಟಕಿಯಾಚೆ ಬರೀ ಬಿಳುಪು. ನಮಗೇ ಏನೂ ಕಾಣದಿದ್ದರೆ ಎಂಜಿನ್ನಿನಲ್ಲಿ ಕೂತವರಿಗೆ ಸಿಗ್ನಲ್ ಹೇಗೆ ಕಾಣುತ್ತದೆ? (ಬ್ಯಾಂಕ್ ನೌಕರರು, ಕೆ.ಆರ್. ನಗರ)

ಉತ್ತರ: ನೀವು ಹೇಳುವ ಜಾಗ ಮಂಜಿಗೆ ಹೇಳಿ ಮಾಡಿಸಿದಂತಿದೆ. ಒಂದು ಕಡೆ ಕೃಷ್ಣರಾಜಸಾಗರದ ಹಿನ್ನೀರು, ಇನ್ನೊಂದು ಕಡೆ ನಾಲೆ ನೀರು ಕುಡಿದ ಭತ್ತದ ಗದ್ದೆಗಳು. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದರ ಮೇಲಿನ ಒದ್ದೆ ಗಾಳಿಯೂ ತಣಿದು ಮಂಜಾಗಿ ನಿಲ್ಲುತ್ತದೆ. ನಮ್ಮಲ್ಲಿ ಹೊತ್ತು ಏರಿದಂತೆ ಅದು ಕರಗಿಹೋಗುತ್ತದೆ, ಅದೇ ನಮ್ಮ ಪುಣ್ಯ. ದೆಹಲಿಯಿಂದ ಪಟ್ನಾವರೆಗಿನ ಗಂಗಾ ಬಯಲಲ್ಲಿ ಹಾಗಲ್ಲ. ಗೋಧಿ ಹೊಲಗಳ ತೇವ, ಹೊಗೆ, ಗಾಳಿಯಿಲ್ಲದ ಚಳಿ ಎಲ್ಲ ಸೇರಿ ಕೆಲವೊಮ್ಮೆ ದಿನಗಟ್ಟಲೆ ಸೂರ್ಯನ ಮುಖವೇ ಕಾಣದು.

ಸಿಗ್ನಲ್ ಕಾಣುವ ಮಾತಿಗೆ ಬರೋಣ. ವೇಗವಾಗಿ ಓಡುವ ಉದ್ದನೆಯ ಪ್ರಯಾಣಿಕರ ರೈಲು ಬ್ರೇಕ್ ಹಾಕಿದ ಮೇಲೆ ನಿಲ್ಲುವುದಕ್ಕೆ ಸುಮಾರು ಒಂದು ಕಿಲೋಮೀಟರ್ ಬೇಕು. ಕಣ್ಣಿಗೆ ಕಾಣುವುದು ನೂರು ಮೀಟರ್ ಮಾತ್ರ ಎಂದಾದರೆ, ಕೆಂಪು ದೀಪ ಕಂಡ ಮೇಲೆ ಬ್ರೇಕ್ ಹಾಕಿ ಪ್ರಯೋಜನವಿಲ್ಲ. ಹಾಗಾಗಿ ಮಂಜಿನಲ್ಲಿ ರೈಲು ಓಡಿಸುವ ಕೆಲಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಸಿಗ್ನಲ್ ಕಾಣುವ ಮೊದಲೇ, ಅದು ಬರುತ್ತಿದೆ ಎಂದು ಲೋಕೋ ಪೈಲಟ್‌ಗೆ ತಿಳಿಸುವುದು ಹೇಗೆ?

ಹಳೆಯ ಉಪಾಯ ಪಟಾಕಿ. ನಿಲ್ದಾಣದಿಂದ 180 ಮೀಟರ್ ದೂರದಲ್ಲಿ ಒಂದು ಗುರುತು ಇರುತ್ತದೆ. ಸ್ಟೇಷನ್ ಮಾಸ್ಟರ್ ತನ್ನ ಜಾಗದಲ್ಲಿ ನಿಂತು ಅದು ಕಾಣದಿದ್ದರೆ ಮಂಜು ಕವಿದಿದೆ ಎಂದು ತೀರ್ಮಾನಿಸಿ ಆಳುಗಳನ್ನು ಕಳಿಸುತ್ತಾರೆ. ಅವರು ಸಿಗ್ನಲ್‌ಗಿಂತ 270 ಮೀಟರ್ ಮುಂಚೆ, 10 ಮೀಟರ್ ಅಂತರದಲ್ಲಿ ಎರಡು ಡಿಟೊನೇಟರ್‌ಗಳನ್ನು ಹಳಿಗೆ ಕಟ್ಟಿ, ಚೂರು ಸಿಡಿದು ಬಡಿಯದಷ್ಟು ದೂರ ಸರಿದು ನಿಲ್ಲುತ್ತಾರೆ. ಚಕ್ರ ಹತ್ತಿದೊಡನೆ ಢಂ, ಢಂ. ಸದ್ದು ಕೇಳಿದ ಲೋಕೋ ಪೈಲಟ್ ವೇಗ ಇಳಿಸಿ ಸಿಗ್ನಲ್ ಹುಡುಕುತ್ತಾರೆ. ಒಂದು ರೈಲು ಹೋದ ಮೇಲೆ ಇನ್ನೊಂದಕ್ಕೆ ಮತ್ತೆ ಕಟ್ಟಬೇಕು. ರಾತ್ರಿಯೆಲ್ಲ ಆ ಮೈಕೊರೆಯುವ ಥಂಡಿಯಲ್ಲಿ ಒಬ್ಬ ಮನುಷ್ಯ ಬಯಲಲ್ಲಿ ನಿಂತು ಮಾಡುವ ಕೆಲಸ ಇದು. ಸಿಗ್ನಲ್ ವ್ಯವಸ್ಥೆ ಸುಧಾರಿಸಿದ ಕಡೆಗಳಲ್ಲಿ ಈಗ ಇದರ ಅಗತ್ಯ ಕಡಿಮೆಯಾಗಿದೆ.

ಈಗಿನ ಉಪಾಯ ಜಿಪಿಎಸ್ ಪೆಟ್ಟಿಗೆ. ಡ್ಯೂಟಿಗೆ ಹತ್ತುವಾಗ ಲೋಕೋ ಪೈಲಟ್ ಅದನ್ನು ಜೊತೆಗೆ ಒಯ್ದು ಮುಂದಿಟ್ಟುಕೊಳ್ಳುತ್ತಾರೆ. ಮಾರ್ಗದ ಪ್ರತಿ ಸಿಗ್ನಲ್, ಪ್ರತಿ ಗೇಟು ಅದರಲ್ಲಿ ದಾಖಲಾಗಿರುತ್ತದೆ. ಮುಂದಿನದು ಯಾವುದು, ಎಷ್ಟು ದೂರದಲ್ಲಿದೆ ಎಂದು ಪರದೆಯ ಮೇಲೆ ತೋರಿಸಿ ಬಾಯಿಬಿಟ್ಟೂ ಹೇಳುತ್ತದೆ. ಆದರೆ ಸಿಗ್ನಲ್ ಕೆಂಪೋ ಹಸಿರೋ ಎಂಬುದು ಅದಕ್ಕೆ ಗೊತ್ತಿಲ್ಲ, ಅದನ್ನು ಕಣ್ಣೇ ನೋಡಬೇಕು. ಅದಕ್ಕೇ ಈ ಉಪಕರಣ ಇದ್ದರೂ ದಟ್ಟ ಮಂಜಿನಲ್ಲಿ ಗಂಟೆಗೆ 75 ಕಿಲೋಮೀಟರ್ ಮೀರುವಂತಿಲ್ಲ. ಅಷ್ಟೂ ಓಡಿಸಲೇಬೇಕೆಂದೇನಿಲ್ಲ, ಎಷ್ಟು ಕಾಣುತ್ತದೋ ಅಷ್ಟಕ್ಕೆ ತಕ್ಕಂತೆ ವೇಗ ಇಟ್ಟುಕೊಳ್ಳುವ ಹೊಣೆ, ಹಕ್ಕು ಎರಡೂ ಲೋಕೋ ಪೈಲಟ್‌ನದು. ಇದರ ಜೊತೆಗೆ ಸಿಗ್ನಲ್ ಬರುವ ಮುಂಚೆ ಹಳಿಗಳ ನಡುವೆ ಅಡ್ಡಲಾಗಿ ಸುಣ್ಣ ಬಳಿಯುತ್ತಾರೆ. ಎಂಜಿನ್ನಿನ ದೀಪಕ್ಕೆ ಆ ಬಿಳಿ ಪಟ್ಟೆ ಎದ್ದು ಕಾಣುತ್ತದೆ. ಇಷ್ಟು ವರ್ಷ ಕಳೆದರೂ ಸುಣ್ಣದ ಗೆರೆಯನ್ನು ರೈಲ್ವೆ ಕೈಬಿಟ್ಟಿಲ್ಲ, ಬಿಡಬಾರದು ಕೂಡ. ಬ್ಯಾಟರಿ ಮುಗಿಯುವ ಭಯ ಅದಕ್ಕಿಲ್ಲ.

ಸಿಗ್ನಲ್‌ನ ಬಣ್ಣವನ್ನೇ ಎಂಜಿನ್ನಿನೊಳಗೆ ತೋರಿಸಿ, ಮನುಷ್ಯ ಮರೆತರೆ ತಾನೇ ಬ್ರೇಕ್ ಹಾಕುವ ‘ಕವಚ್’ ವ್ಯವಸ್ಥೆ ಮೊದಲು ದಕ್ಷಿಣ ಮಧ್ಯ ರೈಲ್ವೆಯಲ್ಲಿ ಬಂತು. ಅದು ಎಲ್ಲ ಮಾರ್ಗಗಳಿಗೂ ಬಂದ ದಿನ ಮಂಜಿನ ಭಯ ಬಹುಪಾಲು ಇಳಿಯುತ್ತದೆ. ಅಲ್ಲಿಯವರೆಗೆ, ಸಾಗರಕಟ್ಟೆ ಹತ್ತಿರ ನಿಮ್ಮ ರೈಲು ನಿಧಾನವಾದರೆ ಎಂಜಿನ್ನಿನಲ್ಲಿರುವ ಇಬ್ಬರೂ ಕಣ್ಣು ನೆಟ್ಟು ಕೂತಿದ್ದಾರೆ, ಕಂಡ ಸಿಗ್ನಲ್‌ನ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾರೆ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ತಾತ ಹೇಳುತ್ತಾರೆ, ಹಿಂದೆ ರೈಲು ಟಕಟಕ ಟಕಟಕ ಎಂದು ಸದ್ದು ಮಾಡುತ್ತಿತ್ತಂತೆ. ನಾನು ಶಾಲಾ ಪ್ರವಾಸದಲ್ಲಿ ಹೋದಾಗ ಅಂಥ ಸದ್ದು ಕೇಳಲಿಲ್ಲ. ಬಿಸಿಲಿಗೆ ಹಿಗ್ಗಲಿ ಎಂದು ಹಳಿಗಳ ನಡುವೆ ಸಂದು ಬಿಡುತ್ತಾರೆ ಎಂದು ನಮ್ಮ ವಿಜ್ಞಾನ ಪುಸ್ತಕದಲ್ಲಿದೆ. ಸಂದು ಇಲ್ಲದಿದ್ದರೆ ಚಳಿಗೆ ಹಳಿ ಏನಾಗುತ್ತದೆ? (ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಎಚ್.ಡಿ. ಕೋಟೆ)

ಉತ್ತರ: ಭೇಷ್ ಮಗೂ! ರೈಲಿಲ್ಲದ ತಾಲ್ಲೂಕಿನಿಂದ ಬಂದ ಈ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನೋಟ್‌ಬುಕ್ ತೆಗೆ, ಲೆಕ್ಕ ಮಾಡೋಣ.

ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೊಂದೂವರೆ ಪಾಲು ಹಿಗ್ಗುತ್ತದೆ. ಹಿಂದಿನ ಹಳಿಯ ತುಂಡು 13 ಮೀಟರ್ ಉದ್ದ. 40 ಡಿಗ್ರಿ ವ್ಯತ್ಯಾಸಕ್ಕೆ ಅದು ಹಿಗ್ಗುವುದು 6 ಮಿಲಿಮೀಟರ್. ಆ 6 ಮಿಲಿಮೀಟರಿಗಾಗಿ ಬಿಟ್ಟ ಸಂದಿನ ಮೇಲೆ ಚಕ್ರ ಬಡಿದಾಗ ಬರುತ್ತಿದ್ದ ಸದ್ದೇ ನಿಮ್ಮ ತಾತನ ಟಕಟಕ. ಕೇಳಲು ಚೆಂದ. ಆದರೆ ಪ್ರತಿ ಬಡಿತಕ್ಕೂ ಹಳಿಯ ತುದಿ ಜಜ್ಜುತ್ತಿತ್ತು, ಜಲ್ಲಿ ಕುಸಿಯುತ್ತಿತ್ತು, ಗ್ಯಾಂಗ್‌ಮನ್‌ಗಳ ಬೆನ್ನು ಮುರಿಯುತ್ತಿತ್ತು. ಹಾಗಾಗಿ ಹಳಿಗಳನ್ನು ಒಂದಕ್ಕೊಂದು ಬೆಸೆದು ಕಿಲೋಮೀಟರ್‌ಗಟ್ಟಲೆ ಉದ್ದ ಮಾಡಿದರು. ಈಗ ಒಂದು ಕಿಲೋಮೀಟರ್ ಹಳಿಗೆ ಅದೇ ಲೆಕ್ಕ ಹಾಕು. 46 ಸೆಂಟಿಮೀಟರ್ ಬರುತ್ತದೆ, ಒಂದೂವರೆ ಅಡಿ! ಅಷ್ಟು ಸಂದು ಬಿಟ್ಟರೆ ರೈಲು ಓಡಲಾರದು.

ಹಾಗಾದರೆ ಆ ಒಂದೂವರೆ ಅಡಿ ಎಲ್ಲಿ ಹೋಗುತ್ತದೆ? ಎಲ್ಲಿಗೂ ಹೋಗಲು ಬಿಡುವುದಿಲ್ಲ. ಕಾಂಕ್ರೀಟ್ ಸ್ಲೀಪರ್, ಅದಕ್ಕೆ ಹಳಿಯನ್ನು ಕಚ್ಚಿ ಹಿಡಿಯುವ ಕ್ಲಿಪ್, ಸುತ್ತ ತುಂಬಿದ ಜಲ್ಲಿ, ಇಷ್ಟೂ ಸೇರಿ ಹಳಿಯನ್ನು ಕದಲದಂತೆ ಹಿಡಿದಿಡುತ್ತವೆ. ಹಿಗ್ಗಲೂ ಆಗದ, ಕುಗ್ಗಲೂ ಆಗದ ಉಕ್ಕಿನೊಳಗೆ ಬಲ ತುಂಬಿಕೊಳ್ಳುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುವುದನ್ನು ನಿಮ್ಮ ತಾತ ನೋಡಿರುತ್ತಾರೆ, ಕೇಳು. ಪಟ್ಟಿಯನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಾರೆ. ಅದು ಕುಗ್ಗಲು ಹೋಗುತ್ತದೆ, ಮರ ಬಿಡುವುದಿಲ್ಲ, ಬಿಗಿ ಮಾತ್ರ ಉಳಿಯುತ್ತದೆ. ಚಳಿಗಾಲದ ಹಳಿಯಲ್ಲೂ ಅದೇ ಬಿಗಿ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಒಂದೊಂದು ಡಿಗ್ರಿಗೂ ಸುಮಾರು 1.9 ಟನ್ ಸೆಳೆತ ಸೇರುತ್ತದೆ. ಬೆಸೆದಾಗ ಇದ್ದ ಉಷ್ಣಾಂಶಕ್ಕಿಂತ 30 ಡಿಗ್ರಿ ಇಳಿದರೆ 57 ಟನ್. ಒಂದೊಂದು ಹಳಿಯಲ್ಲೂ ಇಷ್ಟು.

ಬೆಸುಗೆಯಲ್ಲಿ ಸಣ್ಣ ದೋಷವಿದ್ದರೆ, ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ, ಆ ಸೆಳೆತಕ್ಕೆ ಅದು ಬಾಯಿಬಿಡುತ್ತದೆ. ಹೆಚ್ಚಾಗಿ ಇದು ನಡೆಯುವುದು ನಡುರಾತ್ರಿ ಕಳೆದ ಮೇಲೆ, ಬೆಳಗಾಗುವುದರೊಳಗೆ. ವೈದ್ಯರು ಹೊಟ್ಟೆಯ ಸ್ಕ್ಯಾನ್ ಮಾಡುವ ಅದೇ ಶ್ರವಣಾತೀತ ತರಂಗಗಳಿಂದ ಹಳಿಯ ಒಳಗನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ದೋಷ ಕಂಡ ತುಂಡನ್ನು ಚಳಿಗಾಲಕ್ಕೆ ಮುಂಚೆಯೇ ಕತ್ತರಿಸಿ ತೆಗೆಯುವುದು ಒಳ್ಳೆಯ ಎಂಜಿನಿಯರ್‌ನ ಲಕ್ಷಣ. ನಮ್ಮ ಸೀಮೆಯಲ್ಲಿ ಹಗಲು ರಾತ್ರಿಗಳ ವ್ಯತ್ಯಾಸ ಹದವಾಗಿರುವುದರಿಂದ ಈ ಕಾಟ ಕಡಿಮೆ. ಬೆಂಗಳೂರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಪಂಜಾಬ್, ರಾಜಸ್ಥಾನದ ಕಡೆ ಬೇಸಿಗೆಯ ಮಧ್ಯಾಹ್ನಕ್ಕೂ ಚಳಿಗಾಲದ ನಸುಕಿಗೂ ನಡುವೆ ಹಳಿಯ ಉಷ್ಣಾಂಶ 70 ಡಿಗ್ರಿಯಷ್ಟು ಏರಿಳಿಯುತ್ತದೆ. ಅಲ್ಲಿನ ಕಷ್ಟವೇ ಬೇರೆ. ಅದನ್ನು ಮುಂದಿನ ಪತ್ರದಲ್ಲಿ ಓದು.

ಪ್ರಶ್ನೆ: ಸ್ವಾಮಿ, ನನ್ನ ಮಗನಿಗೆ ರೈಲ್ವೆಯಲ್ಲಿ ಟ್ರ್ಯಾಕ್ ಮೇಂಟೇನರ್ ಕೆಲಸ ಸಿಕ್ಕಿ ಉತ್ತರಪ್ರದೇಶಕ್ಕೆ ಹಾಕಿದ್ದಾರೆ. ಚಳಿಗಾಲದಲ್ಲಿ ರಾತ್ರಿ ಹಳಿ ಮೇಲೆ ನಡೆಯುವ ಡ್ಯೂಟಿ ಎನ್ನುತ್ತಾನೆ. ಫೋನಿನಲ್ಲಿ ಏನೂ ತೊಂದರೆಯಿಲ್ಲ ಅಮ್ಮ ಎಂದು ಮಾತು ಮುಗಿಸಿಬಿಡುತ್ತಾನೆ. ನಿಜವಾಗಿ ಅದು ಎಂಥ ಕೆಲಸ? ನಾವು ಹೊಗೆಸೊಪ್ಪು ಬೆಳೆಯುವ ಜನ, ನಮಗೆ ಇದೆಲ್ಲ ತಿಳಿಯದು. (ತಾಯಿ, ಹುಣಸೂರು ತಾಲ್ಲೂಕು)

ಉತ್ತರ: ಅಮ್ಮಾ, ನಿಮಗೆ ಮುಚ್ಚಿಡದೆ ಹೇಳುತ್ತೇನೆ. ಅದು ಕಷ್ಟದ ಕೆಲಸ, ಅಪಾಯದ ಕೆಲಸ. ಅದಕ್ಕಿಂತ ಹೆಚ್ಚಾಗಿ, ಅದು ಇಲ್ಲದಿದ್ದರೆ ಚಳಿಗಾಲದಲ್ಲಿ ಆ ಕಡೆ ರೈಲನ್ನು ನಂಬಿ ಯಾರೂ ಕೂರಲಾಗದು.

ಬೆಸೆದ ಹಳಿಗೆ ಒಂದು ಲೆಕ್ಕದ ಉಷ್ಣಾಂಶ ಇರುತ್ತದೆ. ಅದಕ್ಕಿಂತ 30 ಡಿಗ್ರಿ ಕೆಳಗಿಳಿದರೆ ಚಳಿಗಾಲದ ಗಸ್ತು ಶುರು ಮಾಡಬೇಕೆಂಬುದು ನಿಯಮ. ನಿಮ್ಮ ಮಗ ತನಗೆ ಹಂಚಿದ ದೂರವನ್ನು ಟಾರ್ಚ್ ಬೆಳಕಿನಲ್ಲಿ ನಡೆಯುತ್ತಾನೆ. ಕೈಯಲ್ಲಿ ಕೆಂಪು ಹಸಿರು ದೀಪ, ಸೀಟಿ, ಡಿಟೊನೇಟರ್‌ಗಳು, ಒಂದು ಕೋಲು. ಕಣ್ಣು ಹಳಿಯ ಮೇಲೆ, ಮುಖ್ಯವಾಗಿ ಬೆಸುಗೆಗಳ ಮೇಲೆ. ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಬಗ್ಗಿ ನೋಡಬೇಕು. ಹಳಿ ಮುರಿದಿದೆ ಎಂದು ತಿಳಿದ ತಕ್ಷಣ ಅವನು ರಿಪೇರಿಗೆ ಕೂರುವುದಿಲ್ಲ, ಮೊದಲು ರೈಲನ್ನು ತಡೆಯಬೇಕು. ಮುರಿದ ಜಾಗದಿಂದ ರೈಲು ಬರುವ ದಿಕ್ಕಿಗೆ ಕೆಂಪು ದೀಪ ಹಿಡಿದು ಓಡಿ, 600 ಮೀಟರ್‌ನಲ್ಲಿ ಒಂದು ಡಿಟೊನೇಟರ್, 1200 ಮೀಟರ್‌ನಲ್ಲಿ 10 ಮೀಟರ್ ಅಂತರಕ್ಕೊಂದರಂತೆ ಮೂರು ಇಡಬೇಕು. ಜಲ್ಲಿಯ ಮೇಲೆ, ಕತ್ತಲಲ್ಲಿ, ಎದುರಿಗೆ ಏನೂ ಕಾಣದ ಮಂಜಿನಲ್ಲಿ ಒಂದು ಕಿಲೋಮೀಟರ್‌ಗೂ ಹೆಚ್ಚು ಓಟ. ಆಮೇಲೆ ಸ್ಟೇಷನ್‌ಗೆ ಸುದ್ದಿ. ಆಮೇಲೆ ಗ್ಯಾಂಗು ಬಂದು ಮುರಿದ ಜಾಗಕ್ಕೆ ಎರಡೂ ಬದಿ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಇಟ್ಟು ಕ್ಲ್ಯಾಂಪ್ ಬಿಗಿದು, ರೈಲನ್ನು ನಡಿಗೆಯ ವೇಗದಲ್ಲಿ ದಾಟಿಸುತ್ತದೆ.

ಇಷ್ಟೆಲ್ಲ ಯಂತ್ರ ಬಂದಿರುವಾಗ ಮನುಷ್ಯ ಯಾಕೆ ನಡೆಯಬೇಕು ಎಂದು ನಿಮಗೆ ಅನ್ನಿಸಬಹುದು. ಹಳಿಯಲ್ಲಿ ಸಣ್ಣ ವಿದ್ಯುತ್ ಹರಿಸಿ, ಹಳಿ ಮುರಿದರೆ ಸಿಗ್ನಲ್ ತಾನಾಗಿ ಕೆಂಪಾಗುವ ವ್ಯವಸ್ಥೆ ಇದೆ. ಆದರೆ ಎಲ್ಲ ಬಿರುಕೂ ವಿದ್ಯುತ್ತನ್ನು ಕಡಿಯುವುದಿಲ್ಲ. ಹಳಿಯ ಬುಡ ಸೀಳಿ ತಲೆ ಕೂಡಿಕೊಂಡೇ ಇದ್ದರೆ ಕರೆಂಟು ಹರಿಯುತ್ತಲೇ ಇರುತ್ತದೆ, ಸಿಗ್ನಲ್ ಹಸಿರಾಗಿಯೇ ಇರುತ್ತದೆ. ಚಕ್ರದ ಅಚ್ಚುಗಳನ್ನು ಎಣಿಸುವ ಇನ್ನೊಂದು ವ್ಯವಸ್ಥೆಗಂತೂ ಮುರಿದ ಹಳಿ ಗೊತ್ತೇ ಆಗದು. ಆ ಬಿರುಕನ್ನು ಹಿಡಿಯುವುದು ನಿಮ್ಮ ಮಗನ ಕಣ್ಣು. ಕಾಲ ಮುಂದುವರಿಯಿತು, ಗ್ಯಾಂಗ್‌ಮನ್ ಎಂಬ ಹೆಸರು ಹೋಗಿ ಟ್ರ್ಯಾಕ್ ಮೇಂಟೇನರ್ ಎಂದಾಯಿತು, ನಡಿಗೆ ಮಾತ್ರ ತಪ್ಪಲಿಲ್ಲ.

ಅವನ ಜೀವಕ್ಕೆ ಬೇಕಾದ ಕೆಲವು ಮಾತುಗಳನ್ನು ನೀವೇ ಫೋನಿನಲ್ಲಿ ಹೇಳಿ, ಅಧಿಕಾರಿ ಹೇಳಿದ್ದಕ್ಕಿಂತ ತಾಯಿ ಹೇಳಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ. ಚಳಿ ಎಂದು ಮಫ್ಲರ್ ಸುತ್ತಿ ಎರಡೂ ಕಿವಿ ಮುಚ್ಚಿಕೊಳ್ಳಬಾರದು. ಮಂಜಿನಲ್ಲಿ ಕಣ್ಣು ಸೋತಾಗ ಕಿವಿಯೇ ಕಾಪಾಡುವುದು. ಈಗಿನ ವಿದ್ಯುತ್ ಎಂಜಿನ್‌ಗಳು ಹತ್ತಿರ ಬರುವವರೆಗೂ ಹೆಚ್ಚು ಸದ್ದು ಮಾಡುವುದಿಲ್ಲ. ಇಯರ್‌ಫೋನಿನ ಮಾತೇ ಬೇಡ. ರೈಲು ಬಂದರೆ ಪಕ್ಕದ ಹಳಿಗೆ ದಾಟಿ ನಿಲ್ಲುವುದಲ್ಲ, ಹಳಿಗಳನ್ನೆಲ್ಲ ಬಿಟ್ಟು ಹೊರಗೆ ಪೂರ್ತಿ ಇಳಿದು ನಿಲ್ಲಬೇಕು. ಒಂದು ರೈಲಿನ ಸದ್ದಿನಲ್ಲಿ ಎದುರು ಬದಿಯ ರೈಲಿನ ಸದ್ದು ಮುಳುಗಿಹೋಗುತ್ತದೆ, ಎಷ್ಟೋ ಜನ ಹಾಗೆಯೇ ಜೀವ ಕಳೆದುಕೊಂಡಿದ್ದಾರೆ. ರೈಲು ಬರುವುದನ್ನು ಮುಂಚೆಯೇ ಸದ್ದು, ಬೆಳಕು, ಕಂಪನದಿಂದ ತಿಳಿಸುವ ‘ರಕ್ಷಕ್’ ಎಂಬ ಉಪಕರಣ ಕೆಲವು ಕಡೆ ಬಂದಿದೆ. ಅವನ ವಿಭಾಗದಲ್ಲಿ ಇದ್ದರೆ ಅದಿಲ್ಲದೆ ಹಳಿಗೆ ಇಳಿಯುವುದು ಬೇಡ.

ಇನ್ನೊಂದು ಮಾತನ್ನು ದಯವಿಟ್ಟು ಮರೆಯದೆ ಹೇಳಿ. ಡ್ಯೂಟಿ ಮುಗಿಸಿ ಬಂದು ಗುಡಿಸಲಲ್ಲೋ ರೂಮಿನಲ್ಲೋ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗುವ ರೂಢಿ ಆ ಕಡೆ ಇದೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳುವುದಿಲ್ಲ. ಪ್ರತಿ ಚಳಿಗಾಲವೂ ಉತ್ತರದಿಂದ ಅಂಥ ಸುದ್ದಿ ಬರುತ್ತದೆ. ಬೆಂಕಿ ಕಾಯಿಸುವುದಿದ್ದರೆ ಬಯಲಲ್ಲಿ ಕಾಯಿಸಲಿ, ಮಲಗುವ ಮುಂಚೆ ಕೆಂಡ ಹೊರಗಿಡಲಿ. ನಾವು ಮೈಸೂರು ಸೀಮೆಯವರು ಆ ಚಳಿ ಕಂಡವರಲ್ಲವಾದ್ದರಿಂದ ಈ ಅಪಾಯವೂ ನಮಗೆ ಹೊಸತು. ಹತ್ತಿ ಬಟ್ಟೆಯನ್ನು ಒಂದರ ಮೇಲೊಂದು ಹಾಕಿಕೊಂಡರೆ ಬೆವರು, ಮಂಜು ಎರಡಕ್ಕೂ ಒದ್ದೆಯಾಗಿ ಇನ್ನಷ್ಟು ಕೊರೆಯುತ್ತದೆ. ಮೈಗೆ ತಾಗುವುದು ಉಣ್ಣೆಯಾಗಿರಲಿ. ಇಲಾಖೆ ಕೊಡುವ ಜಾಕೆಟ್, ಬೂಟು, ಟಾರ್ಚ್‌ಗಳನ್ನು ಸಂಕೋಚವಿಲ್ಲದೆ ಕೇಳಿ ಪಡೆಯಲಿ, ಅದು ಅವನ ಹಕ್ಕು.

ನನ್ನ ಅಭಿಪ್ರಾಯವನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಕಾಡುಪ್ರಾಣಿಗಳ ಭಯವಿರುವ ಕಡೆ ಗಸ್ತಿಗೆ ಇಬ್ಬರನ್ನು ಕಳಿಸುವ ಪದ್ಧತಿ ರೈಲ್ವೆಯಲ್ಲಿದೆ. ದಟ್ಟ ಮಂಜಿನ ರಾತ್ರಿಗಳಿಗೂ ಅದು ಬೇಕು, ಎಲ್ಲ ವಿಭಾಗಗಳಲ್ಲೂ ಬೇಕು. ಹಳಿ ನೋಡುವವನು ಒಬ್ಬ, ರೈಲು ನೋಡುವವನು ಇನ್ನೊಬ್ಬ. ಬಗ್ಗಿ ಬಿರುಕು ಹುಡುಕುವ ಕಣ್ಣಿಗೆ ಬೆನ್ನ ಹಿಂದೆ ಬರುವ ರೈಲನ್ನೂ ನೋಡು ಎನ್ನುವುದು ನ್ಯಾಯವಲ್ಲ. ಕೆಲಸದಲ್ಲಿದ್ದಾಗಲೂ ಇದನ್ನೇ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅವನು ಊರ ಹತ್ತಿರ ಬರಬೇಕೆಂದರೆ ದಾರಿಯಿದೆ. ನೈಋತ್ಯ ರೈಲ್ವೆಯಲ್ಲಿ ಅದೇ ಹುದ್ದೆಯಲ್ಲಿದ್ದು ಆ ಕಡೆ ಹೋಗಬಯಸುವವರು ಸಿಕ್ಕರೆ ಪರಸ್ಪರ ವರ್ಗಾವಣೆಗೆ ಅರ್ಜಿ ಹಾಕಬಹುದು. ಯಾರೂ ಸಿಗದಿದ್ದರೆ ಸ್ವಂತ ಕೋರಿಕೆಯ ವರ್ಗಾವಣೆ. ಅದರಲ್ಲಿ ಸೇವಾ ಹಿರಿತನದ ಪಟ್ಟಿಯ ಕೊನೆಗೆ ಇಳಿಯಬೇಕಾಗುತ್ತದೆ. ಯೋಚಿಸಿ ತೀರ್ಮಾನಿಸಲಿ.

ಪ್ರಶ್ನೆ: ನಮ್ಮ ಹೆತ್ತವರು ಪ್ರತಿ ಚಳಿಗಾಲ ಲುಧಿಯಾನದಿಂದ ಸ್ವೆಟರ್ ತಂದು ಬೇರೆ ಊರುಗಳಲ್ಲಿ ಮಾರುತ್ತಾರೆ. ಚಳಿ ಹೆಚ್ಚಾದಷ್ಟೂ ವ್ಯಾಪಾರ, ಆದರೆ ಅದೇ ಚಳಿಗೆ ರೈಲು ತಡ. ಅಲ್ಲಿ ಮಂಜು ಬಿದ್ದರೆ ಇಲ್ಲಿ ಮೈಸೂರಿನಿಂದ ಹೊರಡುವ ರೈಲೂ ಯಾಕೆ ತಡವಾಗುತ್ತದೆ? ಇನ್ನೊಂದು ಪ್ರಶ್ನೆ: ನಮ್ಮ ಅಜ್ಜಿಯ ಊರಾದ ಟಿಬೆಟ್‌ಗೆ ಈಗ ರೈಲಿದೆಯಂತೆ. ಅಂಥ ಹಿಮದಲ್ಲಿ ಹಳಿ ಹೇಗೆ ನಿಂತಿದೆ? (ಕಾಲೇಜು ವಿದ್ಯಾರ್ಥಿ, ಬೈಲಕುಪ್ಪೆ, ಪಿರಿಯಾಪಟ್ಟಣ ತಾಲ್ಲೂಕು)

ಉತ್ತರ: ಬೈಲಕುಪ್ಪೆಯಲ್ಲಿ 1961ರಿಂದ ನೆಲೆ ನಿಂತ ನಿಮ್ಮ ಟಿಬೆಟನ್ ಜನರ ಸ್ವೆಟರ್ ಅಂಗಡಿಗಳು ಎಷ್ಟೋ ಊರುಗಳಲ್ಲಿ ಚಳಿಗಾಲದ ಗುರುತೇ ಆಗಿವೆ. ಆ ಗಂಟುಗಳ ಹಿಂದಿನ ರೈಲು ಪ್ರಯಾಣದ ಕಷ್ಟ ಕೊಳ್ಳುವವರಿಗೆ ಕಾಣುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸರಳ. ಮೈಸೂರಿನಿಂದ ದೆಹಲಿಯ ಹಜರತ್ ನಿಜಾಮುದ್ದೀನ್‌ಗೆ ಹೋಗುವ ಸ್ವರ್ಣ ಜಯಂತಿಯಂಥ ರೈಲಿನ ಬೋಗಿಗಳು ಅಲ್ಲಿಂದ ಬಂದವೇ ಮತ್ತೆ ಅಲ್ಲಿಗೆ ಹೋಗಬೇಕು. ಬಂದ ಬೋಗಿಗಳನ್ನು ತೊಳೆದು, ಬ್ರೇಕು ಚಕ್ರಗಳನ್ನು ಪರೀಕ್ಷಿಸಿ, ನೀರು ತುಂಬಿ ಸಜ್ಜು ಮಾಡಲು ಸುಮಾರು 6 ಗಂಟೆ ಬೇಕು. ಬರುವುದೇ ಹತ್ತು ಗಂಟೆ ತಡವಾದರೆ ಹೊರಡುವುದೂ ತಡ. ಆ 6 ಗಂಟೆಯನ್ನು ಮೊಟಕು ಮಾಡಿ ಸಮಯ ಹೊಂದಿಸೋಣ ಎಂಬ ಒತ್ತಡ ಪ್ರಯಾಣಿಕರ ಕಡೆಯಿಂದ ಬರುತ್ತಲೇ ಇರುತ್ತದೆ. ಅದಕ್ಕೆ ಮಣಿಯದ ಡಿಪೋ ಸಿಬ್ಬಂದಿಗೆ ನನ್ನ ನಮಸ್ಕಾರ. ಇನ್ನೊಂದು ಕಾರಣವೂ ಇದೆ. ರೈಲು ತೆವಳುತ್ತಾ ಬಂದರೆ ಲೋಕೋ ಪೈಲಟ್‌ನ ದುಡಿಮೆಯ ಅವಧಿ ದಾರಿಯಲ್ಲೇ ಮುಗಿಯುತ್ತದೆ. ದಣಿದವರ ಕೈಗೆ ರೈಲು ಕೊಡುವಂತಿಲ್ಲ. ಬದಲಿ ಜನ ಬರುವವರೆಗೆ ಕಾಯಬೇಕು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಗೋಲ್ಮುಡ್‌ನಿಂದ ಲ್ಹಾಸಾವರೆಗಿನ 1142 ಕಿಲೋಮೀಟರ್ ಮಾರ್ಗ 2006ರ ಜುಲೈ 1ರಂದು ತೆರೆಯಿತು. ಟಂಗ್ಗುಲಾ ಘಾಟಿಯಲ್ಲಿ ಅದು 5072 ಮೀಟರ್ ಎತ್ತರಕ್ಕೆ ಏರುತ್ತದೆ. ಬೋಗಿಗಳೊಳಗೆ ಉಸಿರಾಟಕ್ಕೆ ಆಮ್ಲಜನಕದ ವ್ಯವಸ್ಥೆಯಿದೆ. ಅಲ್ಲಿ ಎಂಜಿನಿಯರ್‌ಗಳ ದೊಡ್ಡ ತಲೆನೋವು ಚಳಿಯಲ್ಲ, ಬಿಸಿ. ಸುಮಾರು 550 ಕಿಲೋಮೀಟರ್ ಉದ್ದಕ್ಕೆ ನೆಲದಡಿ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿ ಕಲ್ಲಿನಂತಿರುತ್ತದೆ. ಅದು ಕರಗಿದರೆ ಕೆಸರಾಗಿ ಹಳಿ ಕುಸಿಯುತ್ತದೆ. ಹಾಗಾಗಿ ನೆಲವನ್ನು ತಣ್ಣಗೇ ಇಡಬೇಕು. ಅದಕ್ಕೆ ಹಳಿಯ ಇಕ್ಕೆಲದಲ್ಲಿ ಅಮೋನಿಯಾ ತುಂಬಿದ ಕೊಳವೆಗಳನ್ನು ನೆಲಕ್ಕೆ ಇಳಿಸಿದ್ದಾರೆ. ಚಳಿಗಾಲದಲ್ಲಿ ಕೊಳವೆಯ ಬುಡದ ಅಮೋನಿಯಾ ನೆಲದ ಬಿಸಿ ಹೀರಿ ಆವಿಯಾಗಿ ಮೇಲೇರುತ್ತದೆ, ಮೇಲಿನ ಶೀತಗಾಳಿಗೆ ತಣಿದು ದ್ರವವಾಗಿ ಮತ್ತೆ ಇಳಿಯುತ್ತದೆ. ಹೀಗೆ ಚಳಿಗಾಲವಿಡೀ ನೆಲದ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಬೇಸಿಗೆಯಲ್ಲಿ ಮೇಲ್ಭಾಗ ಬಿಸಿಯಾಗಿರುವುದರಿಂದ ತಿರುಗಾಟ ತಾನಾಗಿ ನಿಲ್ಲುತ್ತದೆ. ಮೋಟಾರಿಲ್ಲ, ಕರೆಂಟಿಲ್ಲ. ನಾನು ತಿಳಿದ ಹಳಿ ಎಂಜಿನಿಯರಿಂಗ್‌ನಲ್ಲಿ ಇದಕ್ಕಿಂತ ಸೊಗಸಾದ ಉಪಾಯ ಕಡಿಮೆ.

ಪ್ರಶ್ನೆ: ಶಿಕಾಗೊದಲ್ಲಿರುವ ಮೊಮ್ಮಗಳು ಒಂದು ವಿಡಿಯೊ ಕಳಿಸಿದ್ದಾಳೆ. ಹಿಮದ ನಡುವೆ ರೈಲು ಹಳಿಗಳು ಹೊತ್ತಿ ಉರಿಯುತ್ತಿವೆ, ರೈಲು ಅದರ ಮೇಲೇ ಹೋಗುತ್ತಿದೆ! ಇದು ನಿಜವೋ, ಕಂಪ್ಯೂಟರಿನ ಚಮತ್ಕಾರವೋ? (ನಿವೃತ್ತ ಮುಖ್ಯೋಪಾಧ್ಯಾಯರು, ಕೆ.ಆರ್. ನಗರ)

ಉತ್ತರ: ನಿಜವೇ, ಮೇಷ್ಟ್ರೇ. 2019ರ ಜನವರಿಯ ಭೀಕರ ಚಳಿಯಲ್ಲಿ ಅಂಥ ದೃಶ್ಯಗಳು ಲೋಕವೆಲ್ಲ ಹರಿದಾಡಿದವು. ಉರಿಯುವುದು ಹಳಿಯಲ್ಲ, ಹಳಿಯ ಪಕ್ಕ ಇಟ್ಟ ಗ್ಯಾಸಿನ ಒಲೆಗಳು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಕಡೆ, ನಾವು ಪಾಯಿಂಟ್ ಎನ್ನುವ ಜಾಗದಲ್ಲಿ, ಅತ್ತಿತ್ತ ಸರಿಯುವ ಚೂಪು ಹಳಿಯೊಂದು ಇರುತ್ತದೆ. ಅದರ ಸಂದಿನಲ್ಲಿ ಹಿಮ ತುಂಬಿದರೆ ಹಳಿ ಪೂರ್ತಿ ಕೂಡಿಕೊಳ್ಳದು, ರೈಲು ತಪ್ಪು ದಾರಿ ಹಿಡಿಯಬಹುದು ಇಲ್ಲವೇ ಹಳಿ ತಪ್ಪಬಹುದು. ಹಾಗಾಗಿ ಅಲ್ಲಿ ಬೆಂಕಿ. ಸೆಳೆತಕ್ಕೆ ಹಳಿ ಬಿಟ್ಟುಕೊಂಡಾಗಲೂ ಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಹಳಿಯುದ್ದಕ್ಕೂ ಇಟ್ಟು ಹಚ್ಚಿ, ಅದು ಹಿಗ್ಗಿ ಕೂಡಿದ ಮೇಲೆ ಮತ್ತೆ ಜೋಡಿಸುತ್ತಾರೆ. ಯುರೋಪಿನಲ್ಲಿ ಪಾಯಿಂಟ್‌ಗಳಿಗೆ ಹೆಚ್ಚಾಗಿ ವಿದ್ಯುತ್ ಹೀಟರ್. ಜಪಾನಿನಲ್ಲಿ ಟೋಕಿಯೊ–ಒಸಾಕಾ ನಡುವಿನ ಬುಲೆಟ್ ರೈಲು ಹಾದುಹೋಗುವ ಸೆಕಿಗಹರಾ ಸುತ್ತ ಹಿಮ ಏಳದಂತೆ ಹಳಿಗೆ ನೀರು ಚಿಮುಕಿಸುತ್ತಾರೆ.

ನಮ್ಮ ದೇಶದಲ್ಲಿ ಈ ಪಾಠ ಕಲಿತದ್ದು ಕಾಶ್ಮೀರ. 2008ರಲ್ಲಿ ಕಣಿವೆಯೊಳಗೆ ರೈಲು ಓಡಿತು. 2013ರಲ್ಲಿ ಪೀರ್ ಪಂಜಾಲ್ ಬೆಟ್ಟದಡಿ 11.2 ಕಿಲೋಮೀಟರ್ ಸುರಂಗ ತೆರೆದು, ಮೇಲೆ ಹಿಮಕ್ಕೆ ಹೆದ್ದಾರಿ ಮುಚ್ಚಿದ ದಿನವೂ ಕೆಳಗೆ ಜನ ಓಡಾಡುವಂತಾಯಿತು. 2025ರ ಜೂನ್ 6ರಂದು ನದಿಯಿಂದ 359 ಮೀಟರ್ ಎತ್ತರದ ಚಿನಾಬ್ ಸೇತುವೆ ತೆರೆದ ಮೇಲೆ ಶ್ರೀನಗರಕ್ಕೆ ಓಡುವ ವಂದೇ ಭಾರತ್ ರೈಲಿನಲ್ಲಿ ಎದುರು ಗಾಜಿಗೆ, ನೀರಿನ ಕೊಳವೆಗೆ, ಶೌಚಾಲಯದ ತೊಟ್ಟಿಗೆ ಎಲ್ಲಕ್ಕೂ ಹೀಟರ್ ಇದೆ. ಚೆನ್ನೈ–ಮೈಸೂರು ವಂದೇ ಭಾರತ್‌ಗೆ ಅದರ ಅಗತ್ಯವಿಲ್ಲ. ಮೊಮ್ಮಗಳಿಗೆ ಇದನ್ನೂ ಬರೆದು ತಿಳಿಸಿ.

ಪ್ರಶ್ನೆ: ಮೈಸೂರು–ಕುಶಾಲನಗರ ರೈಲು ಹುಣಸೂರು, ಪಿರಿಯಾಪಟ್ಟಣದ ಮೇಲೆ ಬಂದರೆ ನಮ್ಮಲ್ಲಿ ಚಳಿಗಾಲದ ತೊಂದರೆ ಇರುತ್ತದೆಯೇ? (ವರ್ತಕರು, ಪಿರಿಯಾಪಟ್ಟಣ)

ಉತ್ತರ: ಸುಮಾರು 87 ಕಿಲೋಮೀಟರ್‌ನ ಆ ಮಾರ್ಗಕ್ಕೆ ಚಳಿ ಸಮಸ್ಯೆಯಲ್ಲ. ಬೆಳಗಿನ ಮಂಜು ಇರುತ್ತದೆ, ಅದರಲ್ಲೂ ಕುಶಾಲನಗರದ ಕಡೆ ಕಾವೇರಿ ಹತ್ತಿರವಾದಂತೆ. ಅದನ್ನು ಸಿಗ್ನಲ್ ವ್ಯವಸ್ಥೆ ನಿಭಾಯಿಸುತ್ತದೆ. ಮಣ್ಣು ಕೊರೆಯುವ ಮುಂಗಾರು ಮಳೆಗೆ ಹೆದರಬೇಕು. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಂತದ್ದು ನಿಮಗೆ ನೆನಪಿರಬಹುದು. ನಿಮ್ಮದು ಘಾಟಿಯಲ್ಲ, ಆದರೆ ಕೆಂಪು ಮಣ್ಣಿನ ಏರಿಗೆ ನೀರು ಹರಿದುಹೋಗುವ ಮೋರಿ ಸರಿಯಿಲ್ಲದಿದ್ದರೆ ಬಯಲಲ್ಲೂ ಏರಿ ಕೊಚ್ಚಿಹೋಗುತ್ತದೆ. ನಿಮ್ಮ ಊರಿನ ಹಳೆಯ ಕೆರೆ ಕಾಲುವೆ, ಹಳ್ಳಗಳ ದಾರಿ ಗೊತ್ತಿರುವ ರೈತರ ಮಾತನ್ನು ಸರ್ವೆ ಮಾಡುವವರು ಕೇಳಬೇಕು ಎಂದು ಈಗಲೇ ಒತ್ತಾಯಿಸಿ.

ಪ್ರಶ್ನೆ: ಜನವರಿಯಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಕಾಶಿಗೆ ಕರೆದೊಯ್ಯಬೇಕೆಂದಿದ್ದೇವೆ. ಮಂಜಿನಿಂದ ರೈಲು ತಡವಾದರೆ ಏನು ಮಾಡುವುದು? (ಗೃಹಿಣಿ, ಹುಣಸೂರು)

ಉತ್ತರ: ತಂಗೀ, ಸಾಧ್ಯವಾದರೆ ಶಿವರಾತ್ರಿ ಹತ್ತಿರದವರೆಗೆ ಮುಂದೂಡಿ. ಅಷ್ಟು ಹೊತ್ತಿಗೆ ಅಲ್ಲಿ ಮಂಜು ಇಳಿದಿರುತ್ತದೆ. ಕಾಶಿಯಲ್ಲಿ ಹಬ್ಬದ ಜನಸಂದಣಿ ವಿಪರೀತ, ಹಾಗಾಗಿ ಹಬ್ಬ ಕಳೆದ ವಾರ ಇನ್ನೂ ಒಳ್ಳೆಯದು. ಜನವರಿಯಲ್ಲೇ ಹೋಗಲೇಬೇಕಾದರೆ, ಅಲ್ಲಿಂದ ಮುಂದೆ ಇನ್ನೊಂದು ರೈಲು ಹಿಡಿಯುವ ಯೋಜನೆಯಿದ್ದರೆ ನಡುವೆ ಒಂದು ಇಡೀ ದಿನ ಬಿಡಿ. ಹುಣಸೂರಿನಿಂದ ಬಸ್ ಹತ್ತುವ ಮುಂಚೆ 139ಕ್ಕೆ ಫೋನ್ ಮಾಡಿ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿ, ವೃಥಾ ಮೈಸೂರು ನಿಲ್ದಾಣದಲ್ಲಿ ಹಿರಿಯರನ್ನು ಕೂರಿಸಬೇಡಿ. ನೀವು ಹತ್ತುವ ನಿಲ್ದಾಣಕ್ಕೆ ರೈಲು 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಕೈಬಿಟ್ಟರೆ ಪೂರ್ತಿ ಹಣ ವಾಪಸ್ ಸಿಗುತ್ತದೆ. ಆದರೆ ರೈಲು ಅಲ್ಲಿಂದ ಹೊರಡುವುದರೊಳಗೆ ಟಿಡಿಆರ್ (ಟಿಕೆಟ್ ಹಣ ವಾಪಸ್ ಕೋರುವ ಅರ್ಜಿ) ಸಲ್ಲಿಸಿರಬೇಕು, ಹೊರಟ ಮೇಲೆ ಸಲ್ಲಿಸಿದರೆ ಈ ಲಾಭವಿಲ್ಲ. ಹಿರಿಯರ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಫ್ಲಾಸ್ಕ್, ಎರಡು ಕಂಬಳಿ, ಚಕ್ಕುಲಿ ನಿಪ್ಪಟ್ಟಿನಂಥ ಕೆಡದ ತಿಂಡಿ ಜೊತೆಗಿರಲಿ. ರೈಲು ನಡುದಾರಿಯಲ್ಲಿ ನಿಂತರೆ ಏನಾಯಿತೆಂದು ನೋಡಲು ಯಾರೂ ಕೆಳಗಿಳಿಯಬೇಡಿ. ಪಕ್ಕದ ಹಳಿಯಲ್ಲಿ ಬರುವ ರೈಲು ಆ ಮಂಜಿನಲ್ಲಿ ನಿಮಗೂ ಕಾಣದು, ಅದರ ಲೋಕೋ ಪೈಲಟ್‌ಗೆ ನೀವೂ ಕಾಣುವುದಿಲ್ಲ.